ಎಂಟು ಮಿಲಿಮೀಟರಿನ ಲೆಕ್ಕ: ಬ್ಲಾಕ್ ಜೋಡಿಸಿ ಮಾಡಿದ ಕಾರು ಓಡುವುದು ಹೇಗೆ?

ದುಬಾಯಿಯಿಂದ ರಜೆಗೆ ಬಂದ ಭಾವ ಮಗಳಿಗೊಂದು ಪೆಟ್ಟಿಗೆ ತಂದಿದ್ದರು. ಮೇಲೆ ಕೆಂಪು ಕಾರಿನ ಚಿತ್ರ, ಒಳಗೆ ಕಾರಿನ ಸುಳಿವೇ ಇಲ್ಲ. ಪ್ಲಾಸ್ಟಿಕ್ ತೊಟ್ಟೆಗಳ ತುಂಬ ತೂತಿನ ಪಟ್ಟಿಗಳು, ಬೆರಳ ತುದಿಯಷ್ಟಿನ ಪಿನ್‌ಗಳು, ಹಲ್ಲಿನ ಚಕ್ರಗಳು. ಕಾಸರಗೋಡು ಜಿಲ್ಲೆಯ ಬದಿಯಡ್ಕ ಕಡೆಯ ನಮ್ಮ ಮನೆಯ ಚಾವಡಿಯಲ್ಲಿ ಅದನ್ನೆಲ್ಲ ಗೆರಸೆಗೆ ಸುರಿದೆವು. ಅಡಿಕೆ ಹೆಕ್ಕಿ ಕೈ ಪಳಗಿದ ಅಮ್ಮ, ಪಟೋರ ಬೇರೆ, ಕರಿಗೋಟು ಬೇರೆ ಮಾಡಿದ ಹಾಗೆ, ಯಾರೂ ಹೇಳದೆಯೇ ಕಪ್ಪು ಪಿನ್ ಒಂದು ಕಡೆ, ಬೂದು ಪಿನ್ ಒಂದು ಕಡೆ ಗುಪ್ಪೆ ಹಾಕಿದರು. ಆ ವಿಂಗಡಣೆಗೆ ಎಷ್ಟು ಬೆಲೆ ಎಂದು ನಮಗೆ ಗೊತ್ತಾದದ್ದು ನಾಲ್ಕು ದಿನ ಕಳೆದ ಮೇಲೆ.

ಮಕ್ಕಳ ಆಟಿಕೆಗೆ ಇಷ್ಟು ಪೀಠಿಕೆ ಬೇಕೇ ಎಂದು ಕೇಳಬಹುದು. ಕೇರಳದ ಹತ್ತನೇ ತರಗತಿಯ ಐಸಿಟಿ (ಮಾಹಿತಿ ತಂತ್ರಜ್ಞಾನ) ಪಾಠದೊಳಗೆ 2025ರಿಂದ ರೋಬೋಟಿಕ್ಸ್ ಬಂದಿದೆ. ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಮನೆಗೆ ಬಂದು ಮೋಟಾರು, ಸೆನ್ಸರ್ ಎಂದು ಮಾತಾಡುತ್ತಾರೆ. ವಯರು ಸಿಕ್ಕಿಸಿ ಮೋಟಾರು ತಿರುಗಿಸುವುದು ಕಷ್ಟವಲ್ಲ. ಗಿರ್ರೆಂದು ತಿರುಗುವ ಮೋಟಾರಿನಿಂದ ಒಂದು ಗಾಡಿ ಮೆಲ್ಲಗೆ, ಬಲವಾಗಿ, ನಮಗೆ ಬೇಕಾದ ಕಡೆಗೆ ಹೋಗುವಂತೆ ಮಾಡುವುದೇ ಕಷ್ಟ. ಆ ಗುಟ್ಟೆಲ್ಲ ಈ ಆಟಿಕೆಯ ಹೊಟ್ಟೆಯಲ್ಲಿ ಬಿಚ್ಚಿ ನೋಡುವ ಹಾಗೆ ಇದೆ.

ಇಟ್ಟಿಗೆಯಿಂದ ಪಟ್ಟಿಗೆ

ಡೆನ್ಮಾರ್ಕಿನ ಬಿಲುಂಡ್ ಎಂಬ ಊರಿನಲ್ಲಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ ಎಂಬ ಬಡಗಿ 1932ರಲ್ಲಿ ಮರದ ಆಟಿಕೆ ಮಾಡಲು ತೊಡಗಿದ. 'ಚೆನ್ನಾಗಿ ಆಡು' ಎಂಬ ಅರ್ಥದ ಎರಡು ಡೇನಿಷ್ ಮಾತುಗಳನ್ನು ಕೂಡಿಸಿ ಲೆಗೋ ಎಂಬ ಹೆಸರಾಯಿತು. ಇಂದು ನಾವು ನೋಡುವ ಪ್ಲಾಸ್ಟಿಕ್ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಹೋದದ್ದು 1958ರ ಜನವರಿ 28ರಂದು. ಮೇಲ್ಗಡೆ ಉರುಟು ಬಟನ್‌ಗಳು, ಅಡಿಯಲ್ಲಿ ಟೊಳ್ಳು ಕೊಳವೆಗಳು. ಒಂದರ ಬಟನ್ ಇನ್ನೊಂದರ ಕೊಳವೆಗೂ ಗೋಡೆಗೂ ನಡುವೆ ಬಿಗಿಯಾಗಿ ಕೂರುತ್ತದೆ. ಸ್ಟೀಲ್ ಡಬ್ಬಿಯ ಮುಚ್ಚಳ ಕೂರುವ ಹಾಗೆ. ಅಂಟೂ ಇಲ್ಲ, ಸ್ಕ್ರೂವೂ ಇಲ್ಲ. ಎಂಟು ಬಟನ್‌ನ ಒಂದೇ ಬಣ್ಣದ ಆರು ಇಟ್ಟಿಗೆಗಳನ್ನು 91,51,03,765 ಬಗೆಯಲ್ಲಿ ಕೂಡಿಸಬಹುದು ಎಂದು ಗಣಿತಜ್ಞರು ಲೆಕ್ಕ ಹಾಕಿದ್ದಾರೆ.

ಇಟ್ಟಿಗೆ ಪೇರಿಸಿದರೆ ಮನೆಯಾಗುತ್ತದೆ, ಯಂತ್ರವಾಗುವುದಿಲ್ಲ. ಯಂತ್ರಕ್ಕೆ ತಿರುಗುವ ಅಚ್ಚು (ಆಕ್ಸಲ್) ಬೇಕು, ಅಚ್ಚು ಹಾಯಲು ತೂತು ಬೇಕು. 1977ರಲ್ಲಿ ಅದೇ ಕಂಪನಿ, ಮುಂದೆ ಟೆಕ್ನಿಕ್ ಎಂದು ಹೆಸರಾದ ಸಾಲನ್ನು ಹೊರತಂದಿತು. ಆ ಮೊದಲ ವರ್ಷದ ಕಾರಿನ ಚಾಸಿಯಲ್ಲೇ ಸ್ಟಿಯರಿಂಗ್ ತಿರುಗುತ್ತಿತ್ತು, ಎಂಜಿನ್ನಿನ ಪಿಸ್ಟನ್ ಮೇಲೆ ಕೆಳಗೆ ಹೋಗುತ್ತಿತ್ತು. ತೂತಿನ ಪಟ್ಟಿಯ ಉಪಾಯ ಮಾತ್ರ ಇನ್ನೂ ಹಳೆಯದು: ಲಿವರ್‌ಪೂಲಿನ ಫ್ರ್ಯಾಂಕ್ ಹಾರ್ನ್‌ಬಿ 1901ರಲ್ಲೇ ಪೇಟೆಂಟ್ ಪಡೆದಿದ್ದ ಮೆಕ್ಯಾನೋ. ನಮ್ಮ ಅಂಗಡಿಗಳಲ್ಲಿ ಸಿಗುವ, ಲೋಹದ ಪಟ್ಟಿಗೆ ನಟ್ಟು ಬೋಲ್ಟು ಹಾಕುವ ಮೆಕ್ಯಾನಿಕ್ಸ್ ಪೆಟ್ಟಿಗೆಯೂ ಅದೇ ವಂಶದ್ದು.

ತೋಟದ ಲೆಕ್ಕ

ಅಡಿಕೆ ತೋಟ ಹಾಕುವವರಿಗೆ ಇದನ್ನು ವಿವರಿಸುವುದು ಸುಲಭ. ಒಂಬತ್ತು ಅಡಿಗೊಂದು ಗುಂಡಿ, ಉದ್ದಕ್ಕೂ ಅಷ್ಟೇ, ಅಗಲಕ್ಕೂ ಅಷ್ಟೇ. ಹಗ್ಗ ಹಿಡಿದು ಗೂಟ ಹೊಡೆದರೆ ಯಾವ ಕಡೆಯಿಂದ ನೋಡಿದರೂ ಸಾಲು ನೇರ. ಬ್ಲಾಕಿನ ಲೋಕದಲ್ಲಿ ಒಂಬತ್ತು ಅಡಿಯ ಜಾಗದಲ್ಲಿ 8 ಮಿಲಿಮೀಟರ್ ಇದೆ. ಒಂದು ಬಟನ್‌ನ ನಡುವಿನಿಂದ ಮುಂದಿನ ಬಟನ್‌ನ ನಡುವಿಗೆ 8 ಮಿ.ಮೀ., ಪಟ್ಟಿಯ ಒಂದು ತೂತಿನಿಂದ ಮುಂದಿನ ತೂತಿಗೂ 8 ಮಿ.ಮೀ. ಅಚ್ಚಿನ ಉದ್ದವನ್ನೂ ಇದರಲ್ಲೇ ಅಳೆಯುತ್ತಾರೆ. 'ಮೂರರ ಅಚ್ಚು' ಎಂದರೆ 24 ಮಿ.ಮೀ. ಸೂಚನೆಯ ಪುಸ್ತಕದಲ್ಲಿ ಅಚ್ಚಿನ ಚಿತ್ರವನ್ನು ನಿಜವಾದ ಅಳತೆಯಲ್ಲೇ ಮುದ್ರಿಸಿರುತ್ತಾರೆ, ಮೇಲಿಟ್ಟು ನೋಡಿದರಾಯಿತು. ಆ ಪುಸ್ತಕದಲ್ಲಿ ಮಾತೇ ಇಲ್ಲ, ಬರೀ ಚಿತ್ರ ಮತ್ತು ಅಂಕೆ. ಮಲಯಾಳವೋ ಕನ್ನಡವೋ ಎಂಬ ತಕರಾರಿಲ್ಲದೆ ನಮ್ಮ ಜಿಲ್ಲೆಯಲ್ಲಿ ಓದಲು ಸಿಗುವ ಅಪರೂಪದ ಪುಸ್ತಕ!

ಪಟ್ಟಿಗಳಲ್ಲಿ ಹೆಚ್ಚಿನವಕ್ಕೆ ಬೆಸ ಸಂಖ್ಯೆಯ ತೂತು: 3, 5, 7, 9, 11, 13, 15. ಬೆಸ ಸಂಖ್ಯೆಯಾದರೆ ಸರೀ ನಡುವಿಗೆ ಒಂದು ತೂತು ಬರುತ್ತದೆ. ಅಲ್ಲಿ ಅಚ್ಚು ಹಾಯಿಸಿದರೆ ಎಡಕ್ಕೂ ಬಲಕ್ಕೂ ಸಮ.

ಅಚ್ಚಿನ ಅಡ್ಡಕೊಯ್ತ ಕೂಡಿಸುವ ಚಿಹ್ನೆಯ ಆಕಾರ, ಪಟ್ಟಿಯ ತೂತು ಉರುಟು. ಹಾಗಾಗಿ ಅಚ್ಚು ಪಟ್ಟಿಯೊಳಗೆ ಸಲೀಸಾಗಿ ತಿರುಗುತ್ತದೆ. ಹಲ್ಲಿನ ಚಕ್ರದ ನಡುವಿನ ತೂತು ಮಾತ್ರ ಅಚ್ಚಿನ ಆಕಾರದ್ದೇ. ಅಲ್ಲಿ ಅಚ್ಚು ಜಾರುವ ಹಾಗಿಲ್ಲ, ಚಕ್ರವನ್ನೂ ಹೊತ್ತುಕೊಂಡೇ ತಿರುಗಬೇಕು. ಎಲ್ಲಿ ಜಾರಬೇಕು, ಎಲ್ಲಿ ಹಿಡಿಯಬೇಕು ಎಂಬ ಇಡೀ ವಿಚಾರ ಈ ಎರಡು ತೂತುಗಳ ಆಕಾರದಲ್ಲೇ ತೀರ್ಮಾನವಾಗಿಬಿಡುತ್ತದೆ.

ಗೇರು ಅಲ್ಲ, ಗೇರ್

"ಅಜ್ಜೀ, ಆ ದೊಡ್ಡ ಗೇರ್ ಕೊಡಿ" ಎಂದು ತಂಗಿಯ ಮಗಳು ಕೇಳಿದಾಗ ಅಮ್ಮ, "ಎಂತ ಗೇರು? ಬೀಜ ಎಲ್ಲಿ ಉಂಟು ಇದರಲ್ಲಿ?" ಎಂದರು. ಗೇರುಬೀಜದ ನಾಡಿನಲ್ಲಿ ನ್ಯಾಯವಾದ ಪ್ರಶ್ನೆಯೇ.

ಗೇರ್ ಎಂದರೆ ಹಲ್ಲಿರುವ ಚಕ್ರ. ಒಂದರ ಹಲ್ಲು ಇನ್ನೊಂದರ ಹಲ್ಲುಗಳ ಸಂದಿಗೆ ಕೂರುತ್ತದೆ. ಒಂದು ತಿರುಗಿದರೆ ಇನ್ನೊಂದು ತಿರುಗದೆ ಬೇರೆ ದಾರಿಯಿಲ್ಲ. ಈ ಪೆಟ್ಟಿಗೆಗಳಲ್ಲಿ ಸಾಮಾನ್ಯವಾಗಿ 8, 16, 24, 40 ಹಲ್ಲಿನವು ಇರುತ್ತವೆ. ಅಳತೆ ನೋಡುವುದು ಬೇಡ, ಹಲ್ಲು ಎಣಿಸಿದರೆ ಸಾಕು.

8 ಹಲ್ಲಿನದು 24 ಹಲ್ಲಿನದನ್ನು ತಿರುಗಿಸುತ್ತದೆ ಎಂದುಕೊಳ್ಳಿ. ಸಣ್ಣದು ಒಂದು ಸುತ್ತು ಬಂದಾಗ ದೊಡ್ಡದರ 8 ಹಲ್ಲು ಮಾತ್ರ ದಾಟಿರುತ್ತದೆ. ದೊಡ್ಡದು ಒಂದು ಸುತ್ತು ಮುಗಿಸಬೇಕಾದರೆ ಸಣ್ಣದು ಮೂರು ಸುತ್ತು ಬರಬೇಕು. ವೇಗ ಮೂರರಲ್ಲೊಂದು ಪಾಲಾಯಿತು. ಬದಲಿಗೆ ತಿರುಗಿಸುವ ಬಲ ಮೂರು ಪಾಲಾಯಿತು (ಉಜ್ಜಾಟದಲ್ಲಿ ಸ್ವಲ್ಪ ಸೋರಿಹೋಗುತ್ತದೆ, ಅದು ಬೇರೆ). ಗುಡ್ಡದ ತಲೆಗೆ ನೇರ ಹತ್ತಿದರೆ ದಾರಿ ಗಿಡ್ಡ, ಏದುಸಿರು ಜಾಸ್ತಿ. ಬಳಸಿಕೊಂಡು ಹೋದರೆ ದಾರಿ ಉದ್ದ, ಕಾಲಿಗೆ ಸುಖ. ಎರಡೂ ಒಟ್ಟಿಗೆ ಸಿಗುವುದಿಲ್ಲ. ಪಾಣತ್ತೂರಿನಿಂದ ಭಾಗಮಂಡಲದ ಕಡೆಗೆ ಘಟ್ಟ ಹತ್ತುವ ಜೀಪಿನವನು ಗೇರ್ ಇಳಿಸುವುದೂ ಇದಕ್ಕೇ. ಎಂಜಿನ್ ಹೆಚ್ಚು ತಿರುಗಲಿ, ಚಕ್ರ ಕಡಿಮೆ ತಿರುಗಲಿ, ಆದರೆ ಬಲವಾಗಿ ತಿರುಗಲಿ.

ಇದನ್ನೇ ಸಾಲಾಗಿ ಮಾಡಿದರೆ ಮಜಾ. 8ರಿಂದ 24ಕ್ಕೆ, ಆ 24ರ ಅಚ್ಚಿನಲ್ಲೇ ಇನ್ನೊಂದು 8, ಅದರಿಂದ ಮತ್ತೊಂದು 24ಕ್ಕೆ, ಮತ್ತೊಮ್ಮೆ ಹಾಗೆಯೇ. ಮೂರು, ಮೂರು, ಮೂರು ಕೂಡಿ ಒಂಬತ್ತು ಅಂತ ಮನಸ್ಸು ಹೇಳುತ್ತದೆ, ಆದರೆ ಇಲ್ಲಿ ಗುಣಿಸಬೇಕು: 3×3×3, ಅಂದರೆ 27. ಈ ಕಡೆ ಹಿಡಿಯನ್ನು 27 ಸುತ್ತು ತಿರುಗಿಸಿದರೆ ಆ ಕಡೆ ಒಂದೇ ಸುತ್ತು. ಆ ಕೊನೆಯ ಅಚ್ಚನ್ನು ನಾನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಡಿದುಕೊಂಡೆ. ಏಳನೇ ತರಗತಿಯ ಹುಡುಗಿ ಒಂದೇ ಬೆರಳಿನಿಂದ ಈಚೆ ತುದಿಯನ್ನು ತಿರುಗಿಸಿ ನನ್ನ ಹಿಡಿತ ಬಿಡಿಸಿದಳು. ಶಾಲೆಯ ಕಿಟ್‌ಗಳಲ್ಲಿ ಬಹಳಷ್ಟು ಕಾಣುವ ಹಳದಿ ಬಣ್ಣದ ಮೋಟಾರಿನ ಡಬ್ಬಿಯೊಳಗೂ ಇದೇ ಕೆಲಸ ನಡೆಯುತ್ತದೆ. ಸಾಮಾನ್ಯವಾಗಿ ಒಳಗಿನ ಮೋಟಾರು 48 ಸುತ್ತು ಬಂದರೆ ಹೊರಗಿನ ಅಚ್ಚು ಒಂದು ಸುತ್ತು.

ಇನ್ನು ಚಕ್ರದ ಗಾತ್ರ. ಟೈರಿನ ಬದಿಯಲ್ಲೇ ಅಳತೆ ಮೂಡಿಸಿರುತ್ತಾರೆ. 62.4 ಎಂದಿದ್ದರೆ ಅಡ್ಡಳತೆ 62.4 ಮಿ.ಮೀ.; ಒಂದು ಸುತ್ತಿಗೆ ಸುಮಾರು 19.6 ಸೆಂಟಿಮೀಟರ್ ಓಡುತ್ತದೆ. ಮೋಟಾರು ಸೆಕೆಂಡಿಗೆ 6 ಸುತ್ತು ಬರುತ್ತದೆಂದು ಇಟ್ಟುಕೊಳ್ಳಿ. ನೇರ ಸಿಕ್ಕಿಸಿದರೆ ಕಾರು ಸೆಕೆಂಡಿಗೆ 118 ಸೆಂ.ಮೀ. ಓಡಬೇಕು, ಆದರೆ ಹೊಸ್ತಿಲು ಎದುರಾದರೆ ಅಲ್ಲೇ ನಿಲ್ಲುತ್ತದೆ. ನಡುವೆ ಒಂದು 8-24 ಹಾಕಿದರೆ 39 ಸೆಂ.ಮೀ., ಹತ್ತುವ ತಾಕತ್ತು ಮಾತ್ರ ಮೂರು ಪಾಲು.

ತೋಟದ ಲೆಕ್ಕಕ್ಕೂ ಹಲ್ಲಿನ ಲೆಕ್ಕಕ್ಕೂ ಇಲ್ಲಿ ಗಂಟು ಬೀಳುತ್ತದೆ. ಈ ಗೇರ್‌ಗಳನ್ನು ಮಾಡಿರುವ ರೀತಿಯಲ್ಲಿ ಹಲ್ಲಿನ ಸಂಖ್ಯೆಯ ಅರ್ಧವೇ ಮಿಲಿಮೀಟರಿನಲ್ಲಿ ಅದರ ತ್ರಿಜ್ಯ. 8ರದ್ದು 4, 24ರದ್ದು 12. ಎರಡೂ ಕಚ್ಚಿಕೊಳ್ಳಬೇಕಾದರೆ ಅಚ್ಚುಗಳ ನಡುವೆ 16 ಮಿ.ಮೀ. ಬೇಕು, ಅಂದರೆ ಸರಿಯಾಗಿ ಎರಡು ತೂತಿನ ದೂರ. 8 ಮತ್ತು 40ಕ್ಕೆ 24 ಮಿ.ಮೀ., ಮೂರು ತೂತು. 8ನ್ನು 16ರ ಜತೆ ಕೂಡಿಸಲು ಹೋದರೆ? 4+8, 12 ಮಿ.ಮೀ.; ಒಂದೂವರೆ ತೂತು! ಪಟ್ಟಿಯಲ್ಲಿ ಅರ್ಧ ತೂತಿಲ್ಲ. ಒಂದು ಸಂಜೆಯಿಡೀ ನಾವು ಆ ಎರಡನ್ನು ಕಚ್ಚಿಸಲು ಒದ್ದಾಡಿದ್ದು ಇದು ಗೊತ್ತಿಲ್ಲದೆ.

ಗೇರ್‌ಗಳ ಮನೆಯಲ್ಲಿ ಒಬ್ಬ ಹಟಮಾರಿಯಿದ್ದಾನೆ, ವರ್ಮ್ ಗೇರ್. ನೋಡಲು ಸ್ಕ್ರೂವಿನ ಹಾಗೆ. ಒಂದು ಸುತ್ತು ಬಂದರೆ ಎದುರಿನ ಚಕ್ರದ ಒಂದೇ ಹಲ್ಲು ಸರಿಯುತ್ತದೆ, ಹಾಗಾಗಿ 24 ಹಲ್ಲಿನ ಚಕ್ರಕ್ಕೆ 24 ಸುತ್ತು. ಸ್ಕ್ರೂ ಚಕ್ರವನ್ನು ತಿರುಗಿಸೀತು, ಚಕ್ರದಿಂದ ಸ್ಕ್ರೂವನ್ನು ತಿರುಗಿಸಲಾಗದು. ಶ್ಯಾವಿಗೆ ಒತ್ತುವ ತಿರುಪಿನ ಒರಳಿನಲ್ಲೂ ಹಾಗೇ. ಹಿಡಿ ತಿರುಗಿಸಿದರೆ ಹಿಟ್ಟು ಕೆಳಗೆ ಒತ್ತುತ್ತದೆ, ಕೆಳಗಿನಿಂದ ಹಿಟ್ಟನ್ನು ಎಷ್ಟು ತಳ್ಳಿದರೂ ಹಿಡಿ ತಿರುಗುವುದಿಲ್ಲ. ಆಟಿಕೆಯ ಕ್ರೇನಿನಲ್ಲಿ ಭಾರ ಎತ್ತಿ ಕೈ ಬಿಟ್ಟರೂ ಅದು ಅಲ್ಲೇ ನೇತಾಡುವುದು ಈ ಹಟದಿಂದ.

ತಿರುವಿನಲ್ಲಿ ಎರಡು ಚಕ್ರದ ಜಗಳ

ಸ್ವಾತಂತ್ರ್ಯ ದಿನದ ಕವಾಯತು ನೆನಪಿಸಿಕೊಳ್ಳಿ. ಸಾಲು ಸಾಲಾಗಿ ಬರುವ ಮಕ್ಕಳು ಮೈದಾನದ ಮೂಲೆಯಲ್ಲಿ ತಿರುಗುವಾಗ ಒಳಗಿನವ ನಿಂತಲ್ಲೇ ಕಾಲು ಹಾಕುತ್ತಾನೆ, ಹೊರತುದಿಯವ ದಾಪುಗಾಲು ಹಾಕುತ್ತಾನೆ. ಇಲ್ಲದಿದ್ದರೆ ಸಾಲು ಮುರಿಯುತ್ತದೆ. ಕಾರಿನ ಹಿಂದಿನ ಎರಡು ಚಕ್ರಗಳದ್ದೂ ಅದೇ ಪಾಡು. ನಡುವಿನ ಅಂತರ 12 ಸೆಂ.ಮೀ. ಇದ್ದರೆ ಒಂದು ಪೂರ್ತಿ ಸುತ್ತಿನಲ್ಲಿ ಹೊರಗಿನ ಚಕ್ರ ಒಳಗಿನದಕ್ಕಿಂತ ಸುಮಾರು 75 ಸೆಂ.ಮೀ. ಹೆಚ್ಚು ಓಡಬೇಕು. ಸುತ್ತು ಸಣ್ಣದಾದರೂ ಅಷ್ಟೇ, ಇಡೀ ಅಂಗಳಕ್ಕೆ ಬಂದರೂ ಅಷ್ಟೇ. ಎರಡೂ ಚಕ್ರ ಒಂದೇ ಅಚ್ಚಿಗೆ ಬಿಗಿದಿದ್ದರೆ ಒಂದು ನೆಲಕ್ಕೆ ಉಜ್ಜಿಕೊಂಡೇ ಹೋಗಬೇಕಾಗುತ್ತದೆ.

ಪರಿಹಾರ, ಡಿಫರೆನ್ಷಿಯಲ್. ಲಾರಿಯ ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುತ್ತದಲ್ಲ, ಅದರ ಒಳಗಿರುವುದು ಇದೇ. ಅಚ್ಚನ್ನು ನಡುವೆ ತುಂಡು ಮಾಡಿ ಎರಡು ತುದಿಗೂ ಒಂದೊಂದು ಓರೆ ಹಲ್ಲಿನ ಗೇರ್, ನಡುವೆ ಎರಡಕ್ಕೂ ಕಚ್ಚಿಕೊಂಡು ಕೂತ ಸಣ್ಣ ಗೇರ್, ಈ ಸಣ್ಣದನ್ನು ಹೊತ್ತು ತಿರುಗುವ ಒಂದು ಗೂಡು. ಮೋಟಾರು ತಿರುಗಿಸುವುದು ಗೂಡನ್ನು.

ಅರ್ಥವಾಗಲು ಬಾವಿಯ ರಾಟೆಯೊಂದನ್ನು ಕೈಯಲ್ಲಿ ಹಿಡಿದುಕೊಳ್ಳಿ. ಅದರ ಮೇಲೆ ಹಗ್ಗ, ಹಗ್ಗದ ಎರಡು ತುದಿಗೂ ಒಂದೇ ತೂಕದ ಕೊಡಪಾನ. ರಾಟೆಯನ್ನು ಒಂದು ಅಡಿ ಎತ್ತಿದರೆ ಎರಡು ಕೊಡಪಾನವೂ ಒಂದೊಂದು ಅಡಿ ಮೇಲೆ ಬರುತ್ತವೆ, ರಾಟೆ ತಿರುಗುವುದಿಲ್ಲ. ಯಾರೋ ಒಂದು ಕೊಡಪಾನವನ್ನು ಅಲ್ಲೇ ಹಿಡಿದರು ಎನ್ನಿ. ಈಗ ರಾಟೆ ತಿರುಗುತ್ತದೆ, ಇನ್ನೊಂದು ಕೊಡಪಾನ ಎರಡು ಅಡಿ ಮೇಲೆ ಬರುತ್ತದೆ. ನಡುವಿನ ಸಣ್ಣ ಗೇರ್ ಎಂದರೆ ಈ ರಾಟೆ. ಕಾರನ್ನು ಎತ್ತಿ ಹಿಡಿದು ಮೋಟಾರು ಓಡಿಸಿ, ಒಂದು ಚಕ್ರವನ್ನು ಬೆರಳಿನಿಂದ ತಡೆಯಿರಿ. ಇನ್ನೊಂದರ ವೇಗ ಇಮ್ಮಡಿಯಾಗುವುದು ಕಣ್ಣಿಗೇ ಕಾಣುತ್ತದೆ.

ಇದಕ್ಕೊಂದು ಕೊರತೆಯೂ ಇದೆ, ಮಳೆಗಾಲದಲ್ಲಿ ತೋಟದ ದಾರಿಗೆ ಜೀಪು ಇಳಿಸಿದವರಿಗೆಲ್ಲ ಗೊತ್ತಿರುವಂಥದ್ದು. ಒಂದು ಚಕ್ರ ಕೆಸರಿನಲ್ಲಿ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನೆ ನಿಂತಿರುತ್ತದೆ. ಸುಲಭದ ದಾರಿ ಸಿಕ್ಕ ಕಡೆಗೇ ತಿರುಗಾಟವೆಲ್ಲ ಹೋಗಿಬಿಡುತ್ತದೆ.

ನಮ್ಮ ಕಾರಿನ ಮೊದಲ ಓಟ ಅಂಗಳದಲ್ಲಿ. ಮುಂದಕ್ಕೆ ಎಂದು ಒತ್ತಿದ ಕೂಡಲೇ ಹಿಂದಕ್ಕೆ ಹಾರಿ ತುಳಸಿಕಟ್ಟೆಗೆ ಗುದ್ದಿತು. ಮೋಟಾರಿನ ದೋಷವಲ್ಲ, ಡಿಫರೆನ್ಷಿಯಲ್ಲನ್ನು ನಾವೇ ಎಡ ಬಲ ತಿರುಗಿಸಿ ಕೂರಿಸಿದ್ದೆವು. ಸೀಲಿಂಗ್ ಫ್ಯಾನನ್ನು ಕೆಳಗಿನಿಂದ ನೋಡಿದರೆ ಒಂದು ದಿಕ್ಕಿಗೆ ತಿರುಗುತ್ತದೆ, ಅಟ್ಟದ ಮೇಲಿನಿಂದ ನೋಡಿದರೆ ಇನ್ನೊಂದು ದಿಕ್ಕಿಗೆ. ಮೋಟಾರಿನ ಗೇರ್ ಗೂಡಿನ ಹಲ್ಲನ್ನು ಎಡಗಡೆಯಿಂದ ಕಚ್ಚುವ ಬದಲು ಬಲಗಡೆಯಿಂದ ಕಚ್ಚಿದರೂ ಹೀಗೆಯೇ, ಮುಂದಿನದು ಹಿಂದಾಗುತ್ತದೆ. ಈ ಬಗೆಯ ಕಾರು ಕಟ್ಟುವವರು ಬಹಳ ಸಲ ಮಾಡುವ ತಪ್ಪು ಇದು. ಸರಿಮಾಡಲು ನಲವತ್ತಕ್ಕೂ ಹೆಚ್ಚು ಹೆಜ್ಜೆ ಹಿಂದಕ್ಕೆ ಬಿಚ್ಚಬೇಕಾಯಿತು.

ಎಡಕ್ಕೆ, ಬಲಕ್ಕೆ

ಸ್ಟಿಯರಿಂಗಿನದು ಚಿಕ್ಕ ಕತೆ. ಉರುಟು ಗೇರನ್ನು ಕತ್ತರಿಸಿ ಉದ್ದಕ್ಕೆ ಬಿಡಿಸಿದರೆ ಹೇಗಿರುತ್ತದೋ ಹಾಗೊಂದು ಹಲ್ಲಿನ ಪಟ್ಟಿ. ಸ್ಟಿಯರಿಂಗ್ ಅಚ್ಚಿನ ತುದಿಯ 8 ಹಲ್ಲಿನ ಗೇರ್ ಅದರ ಮೇಲೆ ಕೂರುತ್ತದೆ. ಗೇರ್ ತಿರುಗಿದರೆ ಪಟ್ಟಿ ಎಡಕ್ಕೋ ಬಲಕ್ಕೋ ಸರಿಯುತ್ತದೆ, ಅದರ ಎರಡು ತುದಿಗೆ ಸಿಕ್ಕಿಸಿದ ತೋಳುಗಳು ಮುಂದಿನ ಚಕ್ರಗಳನ್ನು ಹೊರಳಿಸುತ್ತವೆ. ರಸ್ತೆಯಲ್ಲಿ ಓಡುವ ಹೆಚ್ಚಿನ ಕಾರುಗಳಲ್ಲೂ ಇದೇ ಏರ್ಪಾಡು.

ಅಲ್ಲಾಡದ ಹಾಗೆ

ನಾಲ್ಕು ಪಟ್ಟಿಯನ್ನು ಮೂಲೆಗೊಂದು ಪಿನ್ ಹಾಕಿ ಚೌಕ ಮಾಡಿ ಹಿಂಡಿದರೆ ಅದು ಓರೆಯಾಗಿ ಮಲಗಿಬಿಡುತ್ತದೆ. ಮೂರು ಪಟ್ಟಿಯ ತ್ರಿಕೋನ ಮಾಡಿ, ಎಷ್ಟು ಹಿಂಡಿದರೂ ಆಕಾರ ಬಿಡುವುದಿಲ್ಲ. ಬಡಗಿಗಳು ಮಾಡಿನ ಪಕ್ಕಾಸಿಗೆ, ಗೇಟಿಗೆ ಓರೆಯಾಗಿ ಒಂದು ಪಟ್ಟಿ ಹೊಡೆಯುವುದು ಇದೇ ಕಾರಣಕ್ಕೆ. ಇದನ್ನು ನೋಡಲು ದುಬಾರಿ ಪೆಟ್ಟಿಗೆಯೇ ಬೇಕೆಂದೇನಿಲ್ಲ. ಕಾನ್ಪುರ ಐಐಟಿಯಲ್ಲಿ ಓದಿ, ಕಸದಿಂದ ಆಟಿಕೆ ಮಾಡುವುದನ್ನೇ ಬದುಕಾಗಿಸಿಕೊಂಡ, 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಅವರು ಬೆಂಕಿಕಡ್ಡಿ ಮತ್ತು ಸೈಕಲಿನ ವಾಲ್ವ್ ಟ್ಯೂಬಿನ ತುಂಡುಗಳಿಂದಲೇ ಇದನ್ನು ತೋರಿಸಿದ್ದಾರೆ. ಹಳೆಯ ಹವಾಯಿ ಚಪ್ಪಲಿ ಉರುಟು ಕತ್ತರಿಸಿ ಗಾಡಿಗೆ ಚಕ್ರ ಮಾಡಿದ ನಮ್ಮ ತಲೆಮಾರಿಗೆ ಇದು ಹೊಸತೂ ಅಲ್ಲ.

ತೂತಿನ ಪಟ್ಟಿಯಲ್ಲಿ ತ್ರಿಕೋನ ಮಾಡುವಾಗ ಎಣಿಕೆ ತಪ್ಪುವುದು ಒಂದೇ ಕಡೆ. ಲಂಬಕೋನ ಬರಲು ಬದಿಗಳು 3, 4, 5 ಇರಬೇಕು ಎಂದು ಶಾಲೆಯಲ್ಲಿ ಕಲಿತಿದ್ದೇವೆ. ಆದರೆ ಎಣಿಸಬೇಕಾದದ್ದು ತೂತನ್ನಲ್ಲ, ತೂತುಗಳ ನಡುವಿನ ಅಂತರವನ್ನು. ಹತ್ತು ಕಂಗಿನ (ಅಡಿಕೆ ಮರದ) ಸಾಲಿನಲ್ಲಿ ಒಂಬತ್ತೇ ಅಂತರ. ಹಾಗಾಗಿ ತೂತಿನ ಲೆಕ್ಕದಲ್ಲಿ 4, 5, 6 ಆಗಬೇಕು.

ಈ ಪ್ಲಾಸ್ಟಿಕ್ ಹಿಡಿತ ಎಷ್ಟು ಭಾರ ತಡೆದೀತು? 2018ರಲ್ಲಿ ಲೆಗೋದವರು ಬುಗಾಟಿ ಶಿರಾನ್ ಎಂಬ ಕಾರನ್ನು ನಿಜದ ಗಾತ್ರದಲ್ಲೇ ಟೆಕ್ನಿಕ್ ತುಂಡುಗಳಿಂದ ಕಟ್ಟಿದರು. 10 ಲಕ್ಷಕ್ಕೂ ಹೆಚ್ಚು ತುಂಡು, 2,304 ಆಟಿಕೆ ಮೋಟಾರು, ಸುಮಾರು ಒಂದೂವರೆ ಟನ್ ತೂಕ, ಅಂಟು ಇಲ್ಲ. ಮನುಷ್ಯರನ್ನು ಕೂರಿಸಿಕೊಂಡು ಗಂಟೆಗೆ 20 ಕಿಲೋಮೀಟರಿಗಿಂತ ಹೆಚ್ಚು ವೇಗದಲ್ಲಿ ಓಡಿತು.

ಕೊನೆಗೆ ಉಳಿದ ಪಿನ್‌ಗಳು

ಕಟ್ಟಿ ಮುಗಿದ ಮೇಲೆ ಗೆರಸೆಯಲ್ಲಿ ಒಂದಷ್ಟು ಚೂರುಗಳು ಉಳಿದರೆ ಗಾಬರಿ ಬೇಡ. ಕಳೆದುಹೋಗುವಂಥ ಸಣ್ಣ ತುಂಡುಗಳನ್ನು ಒಂದೊಂದು ಹೆಚ್ಚೇ ಹಾಕಿರುತ್ತಾರೆ. ಪಟ್ಟಿಯೋ ದೊಡ್ಡ ಗೇರೋ ಉಳಿದರೆ ಮಾತ್ರ ಎಲ್ಲೋ ಹೆಜ್ಜೆ ತಪ್ಪಿದೆ ಎಂದರ್ಥ.

ನಮ್ಮಲ್ಲಿ ಉಳಿದದ್ದು ಎರಡು ಬೂದು ಪಿನ್. ಕಪ್ಪು ಒಂದೂ ಇರಲಿಲ್ಲ. ಕಾರಿನ ಸ್ಟಿಯರಿಂಗ್ ಬಲಕ್ಕೆ ಸರಾಗವಾಗಿ ಹೊರಳುತ್ತಿತ್ತು, ಎಡಕ್ಕೆ ಗೊರ್ ಎಂದು ನರಳುತ್ತಿತ್ತು. ಮೂರು ಸಲ ಗೇರ್ ನೋಡಿದೆವು, ಎಲ್ಲ ಸರಿ.

ಕಪ್ಪು ಪಿನ್‌ನ ಮೈಮೇಲೆ ಉಗುರಿಗಷ್ಟೇ ಗೊತ್ತಾಗುವ ಸಣ್ಣ ಏರುಗೆರೆಗಳಿವೆ. ತೂತಿನೊಳಗೆ ಬಿಗಿಹಿಡಿದು ಕೂರುವುದು ಅದರ ಕೆಲಸ. ಅಲ್ಲಾಡಬಾರದ ಕಡೆಗೆ ಅದು. ಬೂದು ಪಿನ್ ನುಣುಪು, ತೂತಿನಲ್ಲಿ ತಿರುಗಲಿ ಎಂದೇ ಮಾಡಿದ್ದು. ಕೀಲು ಬರುವ ಕಡೆಗೆ ಅದು. ಬಣ್ಣ ಚಂದಕ್ಕೆ ಕೊಟ್ಟದ್ದಲ್ಲ.

"ಮೊನ್ನೆ ರಾತ್ರಿ ಕರೆಂಟು ಹೋದಾಗ ಟಾರ್ಚಿನಲ್ಲಿ ಹಾಕಿದ್ದೆಂತ?" ಎಂದು ಅಮ್ಮ ಕೇಳಿದರು. ಹುಡುಗಿ ಪುಸ್ತಕದ ಪುಟ ಹಿಂದೆ ತಿರುಗಿಸಿದಳು. ಎಡಚಕ್ರದ ತೋಳು. ಹಲ್ಲಿನ ಪಟ್ಟಿಗೆ ಅದು ಸೇರುವ ಕೀಲಿನಲ್ಲಿ, ಬೂದು ಇರಬೇಕಾದಲ್ಲಿ, ಕಪ್ಪು ಪಿನ್ ಗಟ್ಟಿಯಾಗಿ ಕಚ್ಚಿಕೊಂಡು ಕೂತಿತ್ತು.